ಕಾಕುವಿನ ಮೂರು ತಾಸು

ಕಾಕು ತೀರಿಕೊಂಡ ಸುದ್ದಿ ನನಗೆ ವಾಟ್ಸಾಪಿನಲ್ಲಿ ಬಂತು. ಬಸವನ ಬಾಗೇವಾಡಿಯ ನನ್ನ ಹಳೆಯ ಓಣಿಯವರ ಗುಂಪಿನಲ್ಲಿ ಅವರದೊಂದು ಫೋಟೋ, ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು, ಆ ಕೈಗಳ ನಡುವೆ ಅವಸರದಲ್ಲಿ ಯಾರೋ ಒತ್ತಿದ ಒಂದು ಹೆಬ್ಬೆರಳು. ಕಣ್ಣು ಒರೆಸಿಕೊಳ್ಳುತ್ತಿದ್ದ ನನಗೆ ಆ ಹೆಬ್ಬೆರಳು ಕಂಡು ನಗು ಬಂದುಬಿಟ್ಟಿತು. ಕಾಕು ಇದ್ದಿದ್ದರೆ ಒತ್ತಿದವರ ಮನೆಗೇ ಹೋಗಿ, "ಏನಪಾ, ನಾ ಸತ್ತದ್ದು ಛೊಲೋ ಆತೇನು?" ಎಂದು ಕೇಳಿ, ಚಹಾ ಕುಡಿಯದೆ ತಿರುಗಿ ಬರುತ್ತಿದ್ದರು. ಚಹಾ ಕುಡಿಯದಿರುವುದು ಸಿಟ್ಟಿನಿಂದಲ್ಲ, ಮಡಿಯಿಂದ.

ಅವರ ಹೆಸರು ಇಲ್ಲಿ ಬೇಡ. ಓಣಿಯಲ್ಲಿ ಅವರಿಗಿಂತ ಹಿರಿಯರು ಕೂಡ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಹಾಗಾಗಿ ಅವರ ಗಂಡ ಎಲ್ಲರಿಗೂ ಕಾಕಾ. ನಾನು ಇಂಡಿ ತಾಲೂಕಿನ ಅಗರಖೇಡದವಳು. ಬಾಗೇವಾಡಿಯ ಒಂದು ಪ್ರೌಢಶಾಲೆಗೆ ಕನ್ನಡ ಕಲಿಸಲು ಹೋದಾಗ ಅವರ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಒಂದು ವರ್ಷವೆಂದು ಹೋದವಳು ಏಳು ವರ್ಷ ಇದ್ದೆ. ವೈಷ್ಣವರ ಮನೆ. ಕಾಕು ಗಂಡನ ಜೊತೆ ಮರಾಠಿ, ದೇವರ ಜೊತೆ ಸಂಸ್ಕೃತ, ನನ್ನ ಜೊತೆ ಕನ್ನಡ ಮಾತಾಡುತ್ತಿದ್ದರು. ಗಂಡನ ಮೇಲೆ ಸಿಟ್ಟು ಬಂದಾಗ ಮಾತ್ರ ಅವರ ಜೊತೆಗೂ ಕನ್ನಡ. ಮಗ ದಿನಾ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋಗಿ ಬರುವ ನೌಕರ, ಸೊಸೆ ಊರಿನ ದವಾಖಾನೆಯಲ್ಲಿ ನರ್ಸು.

ಅರವತ್ತೇಳು ವರ್ಷದ ಕಾಕುವಿಗೆ ಒಂದೇ ಒಂದು ಆಸೆಯಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಬೇಕು. ತವರಾದ ಹಳೆಯ ಕೊಲ್ಹಾರದಲ್ಲಿ ಏಳನೆಯ ಇಯತ್ತೆ ಮುಗಿಸಿದಾಗ ಹೈಸ್ಕೂಲು ದೂರವಿತ್ತು, ಕೃಷ್ಣಾ ನದಿ ಹತ್ತಿರವಿತ್ತು, ಮನೆಯಲ್ಲಿ ಕೊಡಗಳಿದ್ದವು. ಪುಸ್ತಕ ಇಳಿಸಿ ಕೊಡ ಹೊರಿಸಿದರು. ಮುಂದೆ ಆಣೆಕಟ್ಟಿನ ಹಿನ್ನೀರು ಬಂದು ಊರಿಗೆ ಊರೇ ಮುಳುಗಿತು. "ಸಾಲಿ ನೀರಾಗ ಹೋತು, ನಮ್ಮ ಮಾಸ್ತರ್ರು ಮ್ಯಾಲ ಹೋದ್ರು, ಆದ್ರ ನನ್ನ ಏಳನೇ ಪಾಸು ಇನ್ನೂ ತೇಲಲಿಕ್ಕೆ ಹತ್ತೇದ," ಎನ್ನುತ್ತಿದ್ದರು.

ಓದಲು ಬೇಕಾದದ್ದು ದಿನಕ್ಕೆ ಎರಡು ತಾಸು. ಬುದ್ಧಿಗೆ ಕೊರತೆಯಿರಲಿಲ್ಲ, ಪುಸ್ತಕ ನಾನು ಕೊಡುತ್ತಿದ್ದೆ. ಎರಡು ತಾಸು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಗ್ಯಾಸು, ಮಿಕ್ಸಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಇದ್ದವು. ಒಂದೊಂದೂ ಬಂದಾಗ "ಇನ್ನ ನಿನಗ ಆರಾಮ" ಎಂದು ಕಾಕಾ ಘೋಷಿಸಿದ್ದರಂತೆ. ಆ ಆರಾಮ ಎಲ್ಲಿ ಹೋಯಿತು ಎಂದು ಕಾಕು ಮನೆಯಲ್ಲೆಲ್ಲ ಹುಡುಕುತ್ತಿದ್ದರು.

ಅದರಲ್ಲಿ ಸ್ವಲ್ಪ ತಪ್ಪು ಅವರ ಮಡಿಯದೂ ಇತ್ತು. ಬೆಳಿಗ್ಗೆ ಮಿಂದು ಮಡಿ ಸೀರೆ ಉಟ್ಟರೆಂದರೆ, ನೈವೇದ್ಯವಾಗಿ ಎಲ್ಲರ ಊಟ ಮುಗಿಯುವವರೆಗೆ ಹೊರಗಿನ ಯಾರನ್ನೂ ಯಾವುದನ್ನೂ ಮುಟ್ಟುವಂತಿಲ್ಲ. ಮಿಕ್ಸಿಯ ಪಾತ್ರೆ ತಿಕ್ಕಿ ತೊಳೆದದ್ದು, ಮಡಿಗೆ ನಡೆಯುತ್ತದೆ. ಸ್ವಿಚ್ಚು ನಡೆಯುವುದಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಆ ತಂತಿಯೊಳಗಿಂದು ಎಲ್ಲಿಂದ ಬರ್ತದ ಹೇಳ್ರಿ ಅಕ್ಕೋರ. ಆಲಮಟ್ಟಿ ಕರೆಂಟ್ ಇದ್ರ ನಮ್ಮ ಕೃಷ್ಣಾ ನೀರಿಂದು, ನಡೀತದ. ಕೂಡಗಿ ಕರೆಂಟ್ ಇದ್ರ ಕಲ್ಲಿದ್ದಲಿಂದು, ಬೂದಿ. ಎರಡೂ ಕೂಡಿ ಬಂದ್ರ ಹೆಂಗ ಬ್ಯಾರೆ ಮಾಡ್ಲಿ?"

ಈ ಪ್ರಶ್ನೆಯನ್ನು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಿಗೆ ಕೇಳಿದರೆ ಅವರು ಸೀಮೆಸುಣ್ಣ ಎತ್ತಿಕೊಂಡು ಕ್ಲಾಸಿಗೆ ಹೋಗಿಬಿಟ್ಟರು. ಹೀಗಾಗಿ ದಿನಾ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಿಂದ "ಅಕ್ಕೋರ, ಒತ್ರಿ" ಎಂದು ಕೂಗು ಬರುತ್ತಿತ್ತು. ನಾನು ಅರ್ಧ ಹೆಣೆದ ಜಡೆ ಹಿಡಿದು ಓಡಿ ಹೋಗಿ ಹೊಸ್ತಿಲಾಚೆ ನಿಂತು ಕೈ ಚಾಚಿ ಸ್ವಿಚ್ಚು ಒತ್ತುತ್ತಿದ್ದೆ. "ಬಿಡ್ರಿ" ಎಂದರೆ ಬಿಡುತ್ತಿದ್ದೆ. ಒರಳಿನಲ್ಲಿ ಒಬ್ಬರೇ ರುಬ್ಬುತ್ತಿದ್ದ ಚಟ್ನಿಗೆ ಯಂತ್ರ ಬಂದ ಮೇಲೆ ಇಬ್ಬರು ಬೇಕಾದರು, ಅವರಲ್ಲಿ ಒಬ್ಬಳು ಬಿ.ಎಡ್. ಆದವಳು.

ನಾನು ಲಿಂಗಾಯತರ ಮನೆಯವಳು. ಸ್ವಿಚ್ಚಿಗೆ ಬೇಕು, ಒಳಗೆ ಬೇಡ ಎಂಬ ಈ ಲೆಕ್ಕ ಮೊದಲ ವಾರ ನನಗೆ ಚುಚ್ಚಿತು. ಮುಖ ದಪ್ಪ ಮಾಡಿಕೊಂಡು ಎರಡು ದಿನ ಕೂಗಿಗೆ ಓಗೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಡಿ ಬಿಟ್ಟ ಮೇಲೆ ಕಾಕು ನನ್ನ ಕೋಣೆಗೆ ಬಂದು, ನನ್ನ ಹಾಸಿಗೆಯ ಮೇಲೆಯೇ ಕೂತು ಹೇಳಿದರು. "ನಮ್ಮತ್ತಿಯವರು ಕಲಿಸಿದ್ದು ಇದು. ನನ್ನ ತಲಿಗೆ ತಿಳೀತದ ಅಕ್ಕೋರ, ಕೈಗೆ ತಿಳಿಯೂದಿಲ್ಲ. ಕೈ ಹಿಂದಕ್ಕ ಬರ್ತದ." ಅಷ್ಟು ನೇರವಾಗಿ ಹೇಳಿದವರ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು. ಆಮೇಲೆ ಆ ಎಂಟು ಗಂಟೆಯ ಹೊಸ್ತಿಲೇ ನಮ್ಮ ಶಾಲೆಯಾಯಿತು. ಮಿಕ್ಸಿಯ ಗದ್ದಲದ ಮೇಲೆ ಅವರು ಸಂಧಿ ಸಮಾಸ ಒದರುತ್ತಿದ್ದರು, ನಾನು ತಪ್ಪು ತಿದ್ದಿ ಒದರುತ್ತಿದ್ದೆ. ಇಬ್ಬರು ಹೆಂಗಸರು ದಿನಾ ಬೆಳಿಗ್ಗೆ ಜಗಳವಾಡುತ್ತಾರೆಂದು ಪಕ್ಕದ ಮನೆಯವರು ಬಹಳ ದಿನ ನಂಬಿದ್ದರು.

ಕಾಕಾನ ವಿಷಯ ಹೇಳದಿದ್ದರೆ ಕಾಕು ಪೂರ್ತಿಯಾಗುವುದಿಲ್ಲ. ನಿವೃತ್ತ ಗುಮಾಸ್ತರು. ಪಡಸಾಲೆಯ ತೂಗುಮಂಚದ ಮೇಲೆ ಮೊಬೈಲು ಹಿಡಿದು ಕೂತರೆ ಲೋಕದ ಅತಿ ಸುಖೀ ಮನುಷ್ಯ. "ನಮ್ಮಪ್ಪಗ ಇದ್ಯಾವ್ದೂ ಇದ್ದಿಲ್ಲ ನೋಡ್ರಿ. ಅವನಕಿಂತ ನಾ ಸುಖಿ, ನನಕಿಂತ ನನ್ನ ಮಗ ಸುಖಿ," ಎಂದು ದಿನಕ್ಕೊಮ್ಮೆಯಾದರೂ ನನಗೆ ಹೇಳುತ್ತಿದ್ದರು. ಚಹಾ ಬೇಕಾದರೆ ಪಡಸಾಲೆಯಿಂದ ಅಡುಗೆಮನೆಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಒಂದು ಸಲ ಬಾರಿಸಿದರೆ ಬರೀ ಚಹಾ, ಎರಡು ಸಲ ಬಾರಿಸಿದರೆ ಜೊತೆಗೆ ಅವಲಕ್ಕಿ ಚೂಡಾ.

ಮಡಿಯಲ್ಲಿ ಮೊಬೈಲು ಮುಟ್ಟುವುದು ಹೇಗೆಂಬ ಪ್ರಶ್ನೆಯನ್ನು ಕಾಕು ತಾವೇ ಬಗೆಹರಿಸಿಕೊಂಡಿದ್ದರು. ಉಣ್ಣೆಗೆ ಮೈಲಿಗೆಯಿಲ್ಲ ಎಂಬುದು ಅವರ ಮನೆತನದ ನಿಯಮ. ಹಳೆಯ ಸ್ವೆಟರಿನ ತೋಳು ಕತ್ತರಿಸಿ ಮೊಬೈಲಿಗೊಂದು ಚೀಲ ಹೊಲಿದು ಗೂಟಕ್ಕೆ ನೇತುಹಾಕಿದ್ದರು. ಉಣ್ಣೆಯ ಮೇಲಿಂದ ಬೆರಳು ಒತ್ತಿದರೆ ಫೋನಿಗೆ ತಿಳಿಯುತ್ತಿರಲಿಲ್ಲ. ಅದರಿಂದ ಅವರಿಗೆ ಅನುಕೂಲವೇ ಆಯಿತು. ಬಂದ ಕರೆಗಳನ್ನು ಎತ್ತಲಾಗುತ್ತಿರಲಿಲ್ಲ. ಆದರೆ ಕಾಕಾನ ಕರೆ ಎತ್ತುವ ಕರೆಯಲ್ಲ, ಎಣಿಸುವ ಕರೆ.

"ಮೊದ್ಲ ಚಾ ಬೇಕಂದ್ರ ಎದ್ದು ಒಳಗ ಬರಬೇಕಾಗ್ತಿತ್ತು," ಎಂದರು ಕಾಕು ಒಂದು ದಿನ, ಜೋಳದ ಹಿಟ್ಟು ನಾದುತ್ತ. "ನನ್ನ ಮಾರಿ ನೋಡಿ ಸಂಕೋಚ ಆಗಿ ದಿನಕ್ಕ ಎರಡ ಸಲ ಕೇಳ್ತಿದ್ರು. ಈಗ ಮಾರಿ ನೋಡೂ ಕೆಲಸ ಇಲ್ಲ. ಆರ ಸಲ ಆತು." ಹೀಗೆ ಒಂದೊಂದು ಯಂತ್ರ ತೆಗೆದುಕೊಂಡು ಲೆಕ್ಕ ಬಿಡಿಸುತ್ತಿದ್ದರು. ಒಲೆಯಿದ್ದಾಗ ಬೆಂಕಿ ಆರುವುದರೊಳಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಗ್ಯಾಸು ಬಂದ ಮೇಲೆ ಯಾರು ಯಾವಾಗ ಬಂದರೂ ಅವರಿಗೆ ಬಿಸಿ ರೊಟ್ಟಿ ಬೇಕಾಯಿತು. ಒರಳಿನ ಕಾಲದಲ್ಲಿ ಎಲೆಗೆ ಒಂದು ಚಟ್ನಿ, ರುಬ್ಬುವ ಸಪ್ಪಳ ಎಲ್ಲರಿಗೂ ಕೇಳುತ್ತಿದ್ದುದರಿಂದ ಎರಡನೆಯದನ್ನು ಕೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮಿಕ್ಸಿ ಬಂದು ಮೂರು ಚಟ್ನಿಯಾದವು. ಬಟ್ಟೆ ಯಂತ್ರ ಬಂದ ಮೇಲೆ ಕಾಕಾ ದಿನಕ್ಕೆ ಎರಡು ಧೋತರ ಉಡಲು ಕಲಿತರು. ಮೊದಲು ನೆಂಟರು ಹೇಳದೆ ಬಂದು ಇದ್ದದ್ದನ್ನು ಉಣ್ಣುತ್ತಿದ್ದರು, ಈಗ ಲಚ್ಯಾಣದಿಂದ ಹೊರಡುವಾಗಲೇ ಫೋನು ಮಾಡುತ್ತಾರೆ. ಹೇಳಿ ಬಂದವರಿಗೆ ಹೋಳಿಗೆಯಿಲ್ಲದೆ ಹೇಗೆ?

"ಹಂಗಾರ ಇವೆಲ್ಲಾ ಬ್ಯಾಡೇನ್ರಿ ಕಾಕು? ಒರಳ ಚಲೋ ಇತ್ತೇನ್ರಿ?" ಎಂದೆ ನಾನು.

"ಒರಳು ಬೇಕು ಅನ್ನವ್ರು ಒರಳು ತಿರುವಿದವರಲ್ಲ," ಎಂದು ನನ್ನ ಬಾಯಿ ಮುಚ್ಚಿಸಿದರು.

ಪರೀಕ್ಷೆಗೆ ಖಾಸಗಿಯಾಗಿ ಕೂಡುವುದೆಂದು ಒಂದು ವರ್ಷ ನಿಶ್ಚಯವಾಯಿತು. ಅರ್ಜಿ ಆನ್‌ಲೈನು. ಅದಕ್ಕೂ ಮೊದಲು ಆಧಾರಿನಲ್ಲಿದ್ದ ಹೆಸರು ಸರಿಪಡಿಸಬೇಕಿತ್ತು. ಕೇಂದ್ರದಲ್ಲಿ ಅವರ ಹೆಬ್ಬೆರಳು ಇಟ್ಟರೆ ಯಂತ್ರ ಗುರುತಿಸಲೊಲ್ಲದು. ಇನ್ನೊಂದು ಬೆರಳು, ಮತ್ತೊಂದು, ಹತ್ತೂ ಮುಗಿದವು. ಐವತ್ತು ವರ್ಷ ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಹಂಡೆ ತಿಕ್ಕಿದ ಕೈಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕೂತಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಬೆರಳು ಒರೆಸಿ ಒರೆಸಿ ಸೋತಳು. ಕಾಕು ತಮ್ಮ ಅಂಗೈಯನ್ನು ತಾವೇ ತಿರುಗಿಸಿ ನೋಡಿಕೊಂಡು, "ಹಂಡೆ ಮ್ಯಾಲ ಹುಡುಕ್ರಿ, ಅಲ್ಲೆ ಸಿಗ್ತಾವ," ಎಂದರು. ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಕೊನೆಗೆ ಕಣ್ಣು ತೋರಿಸಿ ಕೆಲಸ ಮುಗಿಸಿಕೊಂಡು ಬಂದೆವು.

ಆ ವರ್ಷ ಅವರು ಓದಿದ ಬಗೆ ಹೀಗೆ: ಕುಕ್ಕರಿನ ಮೂರು ಸೀಟಿಗೆ ಒಂದು ಪುಟ ವಿಜ್ಞಾನ, ಹಾಲು ಉಕ್ಕುವವರೆಗೆ ಇಂಗ್ಲಿಷಿನ ಐದು ಶಬ್ದ, ಕಾಕಾ ಸ್ನಾನಕ್ಕೆ ಹೋದಾಗ ಇತಿಹಾಸ. ಕಾಕಾ ನಿಧಾನವಾಗಿ ಮೀಯುವ ಮನುಷ್ಯರಾದ್ದರಿಂದ ಇತಿಹಾಸ ಪಕ್ಕಾ ಆಯಿತು. ಗಣಿತಕ್ಕೆ ಓದುವುದೇ ಬೇಕಿರಲಿಲ್ಲ, ಬಾಯಲ್ಲೇ ಬಿಡಿಸುತ್ತಿದ್ದರು. ಕನ್ನಡದ ಬಗ್ಗೆ ಇಬ್ಬರಿಗೂ ಚಿಂತೆಯಿರಲಿಲ್ಲ. ಕಲಿಸುವವಳು ನಾನಲ್ಲವೇ ಎಂಬ ಸೊಕ್ಕು ನನಗೂ ಸಾಕಷ್ಟಿತ್ತು.

ಮೊದಲ ದಿನದ ಪರೀಕ್ಷೆ ಕನ್ನಡದ್ದು. ಅಂದು ಕಾಕು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಬೆಳಿಗ್ಗೆ ಏಳಕ್ಕೆ ಅಡುಗೆ ಮುಗಿಸಿ ಹೊರಟರು. ಮಡಿ ಹೇಗೆ ಎಂದು ಕಾಕಾ ಕೇಳಿದ್ದಕ್ಕೆ, "ಪರೀಕ್ಷಾಕ್ಕ ಮಡಿ ಇಲ್ಲ," ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮರಳಿ ಬಂದಾಗ ಅವರ ಮುಖ ನೋಡಬೇಕಿತ್ತು. ಮದುವೆ ಮನೆಯಿಂದ ಬಂದವರ ಹಾಗಿದ್ದರು. ಹೇಗೆ ಬರೆದಿರಿ ಎಂದು ಕೇಳಿದೆ. "ಬರದೆ ನೋಡ್ರಿ ಅಕ್ಕೋರ, ಕೈ ನೋಯೂತನಕಾ ಬರದೆ," ಎಂದು ಒಳಗೆ ಹೋದರು. ಸೊಸೆ ಆಮೇಲೆ ನನಗೆ ಹೇಳಿದ್ದು: ಅಂದು ಅವಳು ದವಾಖಾನೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಎದುರಿಗೆ ಬಂದು ನಿಂತು, "ನೀರು ಬೇಕೇನವಾ?" ಎಂದು ಕೇಳಿದರಂತೆ. ನರ್ಸಾದ ಸೊಸೆ, ಇವರಿಗೆ ಬಿಸಿಲು ಬಡಿದಿದೆ ಎಂದುಕೊಂಡು, ಕೂಡಿಸಿ ಬಿ.ಪಿ. ನೋಡಿದಳಂತೆ. ಬಿ.ಪಿ. ಸರಿಯಾಗಿತ್ತು.

ಫಲಿತಾಂಶ ಬಂದ ದಿನ ಎಲ್ಲರಿಗಿಂತ ಮೊದಲು ಕಾಕಾನ ಮೊಬೈಲಿನಲ್ಲಿ ತೆರೆದುಕೊಂಡಿತು. ಗಣಿತ ಪಾಸು. ವಿಜ್ಞಾನ ಪಾಸು. ಸಮಾಜ, ಸಂಸ್ಕೃತ ಪಾಸು. ಇಂಗ್ಲಿಷು ಕೂದಲೆಳೆಯಲ್ಲಿ ಪಾಸು. ಕನ್ನಡ ನಪಾಸು.

ಕಾಕಾ ಮೊಬೈಲನ್ನು ಒರೆಸಿ ಮತ್ತೊಮ್ಮೆ ನೋಡಿದರು. ನನ್ನ ಮುಖ ಕಿತ್ತಿಟ್ಟ ಹಾಗಾಯಿತು. ಕನ್ನಡದ ಅಕ್ಕೋರನ್ನು ಮನೆಯಲ್ಲೇ ಇಟ್ಟುಕೊಂಡು ಕನ್ನಡದಲ್ಲಿ ನಪಾಸಾದವರು ಇಡೀ ತಾಲೂಕಿನಲ್ಲಿ ಇವರೊಬ್ಬರೇ ಇರಬೇಕೆಂದು ಓಣಿಯವರು ಮಾತಾಡಿಕೊಂಡರು. ಶಾಲೆಯಲ್ಲಿ ವಿಜ್ಞಾನದ ಮಾಸ್ತರರು, "ಏನ್ರಿ ಅಕ್ಕೋರ, ನಮ್ಮ ಸಬ್ಜೆಕ್ಟ್ ಪಾಸಾಗ್ಯಾರಂತ," ಎಂದು ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದರು. ಆದರೆ ಕಾಕು ಮಾತ್ರ ಅಳಲಿಲ್ಲ, ಬೈಯಲಿಲ್ಲ. ಒಂದು ಗುಟ್ಟು ಬಾಯಲ್ಲಿ ಇಟ್ಟುಕೊಂಡವರಂತೆ ಓಡಾಡಿಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ. ಉತ್ತರಪತ್ರಿಕೆಯ ನಕಲು ಆನ್‌ಲೈನಿನಲ್ಲಿ ತರಿಸಿ, ಮುದ್ರಿಸಿಕೊಂಡು ಬಂದೆ.

ನೋಡಿದರೆ ವ್ಯಾಕರಣ ಅರ್ಧ, ಪದ್ಯ ಖಾಲಿ, ಗದ್ಯ ಖಾಲಿ. ಹೆಚ್ಚುವರಿ ಹಾಳೆಗಳೂ ಸೇರಿ ಹನ್ನೊಂದು ಪುಟ ಒಂದೇ ಪ್ರಬಂಧ. ಆಧುನಿಕ ತಂತ್ರಜ್ಞಾನದಿಂದ ಪೀಳಿಗೆಯಿಂದ ಪೀಳಿಗೆಗೆ ಮನುಷ್ಯ ಹೆಚ್ಚು ಸುಖಿಯಾಗಿದ್ದಾನೆಯೇ ಎಂಬುದು ವಿಷಯ. ಈ ಪ್ರಬಂಧವನ್ನು ಮಕ್ಕಳಿಗೆ ನಾನು ವರ್ಷವರ್ಷವೂ ಬರೆಸುತ್ತೇನೆ. ಮೊದಲು ಪೀಠಿಕೆ, ಆಮೇಲೆ ಲಾಭ, ಆಮೇಲೆ ಹಾನಿ, ಕೊನೆಗೆ ಎಲ್ಲವೂ ಬಳಸುವವರ ಕೈಯಲ್ಲಿದೆ ಎಂಬ ಉಪಸಂಹಾರ. ಒಂದೂವರೆ ಪುಟ, ಐದು ಅಂಕ. ಕಾಕುವಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದೆ. ಅದರ ಒಂದು ವಾಕ್ಯವೂ ಅಲ್ಲಿರಲಿಲ್ಲ.

ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕಾಕಾ ತೂಗುಮಂಚದ ಮೇಲಿದ್ದರು, ಸೊಸೆ ಬಾಗಿಲಿಗೆ ಒರಗಿದ್ದಳು, ಕಾಕು ಶೇಂಗಾ ಸುಲಿಯುತ್ತಿದ್ದರು. ಬರೆದದ್ದು ಹೀಗಿತ್ತು:

"ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ನಾನು ನಮ್ಮ ಮನೆಯಲ್ಲಿ ಮೂರು ಪೀಳಿಗೆಯ ಹೆಂಗಸರನ್ನು ಬಲ್ಲೆ. ನಮ್ಮ ಅತ್ತೆ, ನಾನು, ನಮ್ಮ ಸೊಸೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ಅತ್ತೆಯವರು ಒಂಬತ್ತು ಹೆತ್ತರು, ನಾಲ್ಕು ಉಳಿದವು. ನಾನು ಮೂರು ಹೆತ್ತೆ, ಮೂರೂ ಉಳಿದವು. ಮಗನನ್ನು ಹುಟ್ಟಿದ ಕೂಡಲೇ ವಿಜಾಪುರದಲ್ಲಿ ಹನ್ನೊಂದು ದಿವಸ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಪೆಟ್ಟಿಗೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಯಂತ್ರ ಕೆಟ್ಟದ್ದು ಎಂದು ಯಾರಾದರೂ ಬರೆದಿದ್ದರೆ ಅವರಿಗೆ ಅಂಕ ಕೊಡಬೇಡಿರಿ."

ಮುಂದೆ ಒಂಬತ್ತು ಪುಟ ಗ್ಯಾಸು, ಮಿಕ್ಸಿ, ಧೋತರ, ಮಿಸ್ಡ್ ಕಾಲು. ಮಿಸ್ಡ್ ಕಾಲಿನ ಭಾಗ ಬಂದಾಗ ತೂಗುಮಂಚ ನಿಂತಿತು. ಕೊನೆಯ ಪುಟ ಇದು:

"ನಾನು ಈ ಕೋಣೆಯಲ್ಲಿ ಕೂತು ಎರಡು ತಾಸಿನ ಮೇಲಾಯಿತು. ಮೊಬೈಲು ಹೊರಗೆ ಇಡಿಸಿಕೊಂಡಿದ್ದಾರೆ. ಯಾರೂ ನನ್ನನ್ನು ಕರೆದಿಲ್ಲ. ಇಲ್ಲಿಯ ಸರ್ ಒಬ್ಬರು ಬಂದು, ಅಜ್ಜಿ, ನೀರು ಬೇಕೇನ್ರಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ನೀರು ಬೇಕೇ ಎಂದು ಕೇಳುವವಳು ನಾನು. ಲಗ್ನವಾದ ಮೇಲೆ ನನ್ನನ್ನು ಕೇಳಿದವರು ಇವರೇ ಮೊದಲು. ಇದಕ್ಕೆ ಕರೆಂಟು ಬೇಕಾಗಲಿಲ್ಲ. ನಮ್ಮ ಅತ್ತೆಯವರನ್ನು ಯಾರೂ ಕೇಳಲಿಲ್ಲ. ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ಆದ್ದರಿಂದ ಅವರೂ ನಾನೂ ಸಮ. ಸೊಸೆಯನ್ನು ಇವತ್ತು ಮನೆಗೆ ಹೋದ ಮೇಲೆ ಕೇಳುತ್ತೇನೆ. ಅವಳು ಹೂಂ ಅಂದರೆ ಮುಂದಿನ ಪೀಳಿಗೆ ಸ್ವಲ್ಪ ಸುಖಿಯಾಯಿತು ಎಂದು ಬರೆದುಕೊಳ್ಳಿರಿ. ಗಂಟೆ ಬಾರಿಸಿದರು."

ಪ್ರತಿ ಪುಟದ ಅಂಚಿನಲ್ಲಿ ಒಂದೊಂದು ಕೆಂಪು ಗುರುತಿತ್ತು. ಯಾವ ಊರಿನ ಯಾವ ಮಾಸ್ತರರೋ, ಹನ್ನೊಂದೂ ಪುಟ ಓದಿದ್ದರು. ಕೊನೆಗೆ ಐದಕ್ಕೆ ಐದು ಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಕೊಡಲು ಅವರಿಗೂ ಬರುತ್ತಿರಲಿಲ್ಲ.

ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಕಾಕಾ ಮಂಚದಿಂದ ಇಳಿದು, ತಾವೇ ಹೋಗಿ ತಂಬಿಗೆಯಲ್ಲಿ ನೀರು ತಂದು ಹೆಂಡತಿಯ ಮುಂದೆ ಇಟ್ಟು ನಿಂತರು. ಕಾಕು ಕುಡಿದರು. ಆದರೆ ಕಾಕಾ ಏನು ಮಾಡಿದರೂ ಅತಿ. ಅರ್ಧ ತಾಸಿಗೊಮ್ಮೆ ನೀರು ಬೇಕೇ ಎಂದು ಕೇಳಲು ಶುರುಮಾಡಿದರು. ಸಂಜೆಯ ಹೊತ್ತಿಗೆ ಕಾಕುವಿನ ಬಾಯಿಂದ ಶುದ್ಧ ಕನ್ನಡ ಬಂತು. "ಇನ್ನೊಮ್ಮೆ ಕೇಳಿದ್ರ ಆ ತಂಬಿಗಿ ನಿಮ್ಮ ತಲಿ ಮ್ಯಾಲ ಹೊಯ್ತೀನಿ ನೋಡ್ರಿ."

ನಾನು ಮಾತ್ರ ಬಿಡಲಿಲ್ಲ. ಮರುಪರೀಕ್ಷೆಗೆ ಕಟ್ಟಿಸಿದೆ. "ಕಾಕು, ಈ ಸಲ ಪ್ರಬಂಧ ಕಡೀಕ ಬರೀರಿ. ಒಂದೂವರಿ ಪುಟ. ನಾ ಹೇಳಿಕೊಟ್ಟಿದ್ದಷ್ಟ," ಎಂದು ಕೈ ಮುಗಿದೆ. ಅವರು ಮಾತು ಉಳಿಸಿಕೊಂಡರು. ಆ ಸಲ ಗ್ರಂಥಾಲಯಗಳ ಮಹತ್ವ ಬಂದಿತ್ತು. ಜನ್ಮದಲ್ಲಿ ಗ್ರಂಥಾಲಯದೊಳಗೆ ಕಾಲಿಡದ ಕಾಕು ಪೀಠಿಕೆ, ಲಾಭ, ಉಪಸಂಹಾರ ಎಲ್ಲ ಬರೆದು ಬಂದು, "ಬರದೀನಿ, ಒಂದು ಮಾತೂ ನಂದಲ್ಲ," ಎಂದರು. ಪಾಸಾದರು. ಕಾಕಾ ಓಣಿಗೆಲ್ಲ ಪೇಡೆ ಹಂಚಿದರು. ವಿಜ್ಞಾನದ ಮಾಸ್ತರರಿಗೆ ನಾನೇ ಕೈಯಾರೆ ಎರಡು ಕೊಟ್ಟು ಬಂದೆ.

ಆ ದಿನ ಮಧ್ಯಾಹ್ನ ಕಾಕು ಅಡುಗೆಮನೆಯ ಹೊಸ್ತಿಲ ಮೇಲೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದರು. ಐವತ್ತು ವರ್ಷದ ಆಸೆ ತೀರಿದವರ ಮುಖವಲ್ಲ ಅದು. ಪಕ್ಕದಲ್ಲಿ ಕೂತು, ಯಾಕೆ ಬೇಜಾರು ಎಂದು ಕೇಳಿದೆ.

"ಮುಗದ ಹೋತಲ್ರಿ ಅಕ್ಕೋರ," ಎಂದರು. "ಇದರ ಮುಂದ ಏನದ?" ಎಂದು ಕೇಳಿದರು.

"ಪಿ.ಯು.ಸಿ. ಐತ್ರಿ."

"ಎಷ್ಟು ಪೇಪರು?"

"ಆರು."

"ಒಂದೊಂದು ಎಷ್ಟು ಹೊತ್ತು?"

"ಮೂರು ತಾಸ್ರಿ. ಮ್ಯಾಲ ಈ ಪರೀಕ್ಷಾದಂಗ ಪ್ರಶ್ನೆಪತ್ರಿಕೆ ಓದಾಕ ಹದಿನೈದು ನಿಮಿಷ ಬ್ಯಾರೆ ಕೊಡ್ತಾರ."

"ಅಲ್ಲೂ ಹದಿನೈದು ನಿಮಿಷ ಬರೇ ಕೂಡ್ಲಿಕ್ಕೆ?"

"ಹೌದ್ರಿ."

ಒಳಗಿನ ಗೂಟದಲ್ಲಿ ಉಣ್ಣೆಯ ಚೀಲ ಒಂದು ಸಲ ಗುನುಗಿತು. ಮತ್ತೊಂದು ಸಲ ಗುನುಗಿತು. ಚಹಾ ಮತ್ತು ಚೂಡಾ. ಕಾಕು ಏಳಲಿಲ್ಲ. ತುಟಿಗಳು ಸ್ವಲ್ಪ ಅಲ್ಲಾಡಿದವು, ಲೆಕ್ಕ ಬಾಯಲ್ಲೇ ಮುಗಿಯಿತು.

"ಹತ್ತೊಂಬತ್ತೂವರಿ ತಾಸು," ಎಂದು, ಮೊಣಕಾಲಿಗೆ ಕೈ ಕೊಟ್ಟು ನಿಧಾನ ಎದ್ದು ನಿಂತರು. "ನಾಳಿಗೆ ಫಾರ್ಮ್ ತುಂಬ್ರಿ."